ಟ್ರೇಲರಿಗೆ ಇಲ್ಲಿ ಕೆಲಸವೇನು? ತುಂಗಭದ್ರಾ ಹಿನ್ನೀರಿಗೆ ಬಂದ ಒಂದು ಹಾಯಿದೋಣಿಯ ಪ್ರಕರಣ

ಗೋವಾದ ಸಮುದ್ರದಂಡೆಯಿಂದ ಮುನಿರಾಬಾದ್ ಕಡೆಯ ಹಿನ್ನೀರಿಗೆ ಒಂದು ಹಳೆಯ ಎಂಟರ್‌ಪ್ರೈಸ್ ಹಾಯಿದೋಣಿ ಬಂತು. ಬಂದದ್ದು ತನ್ನದೇ ಟ್ರೇಲರಿನ ಮೇಲೆ, ಒಂದು ಬೊಲೆರೋ ಹಿಂದೆ. ದೋಣಿಗೆ ಏನೂ ಆಗಿರಲಿಲ್ಲ. ಟ್ರೇಲರಿನ ಎಡಗಡೆಯ ಹಬ್ (ಗಾಲಿಯ ನಡುವೆ ಬೇರಿಂಗ್ ಕೂರುವ ಭಾಗ) ಮಾತ್ರ ಗದಗ ದಾಟುವ ಹೊತ್ತಿಗೆ ಕೈ ಇಡಲಾಗದಷ್ಟು ಕಾದಿತ್ತು. ಅಲ್ಲಿಂದ ಮುಂದೆ ನಿಲ್ಲಿಸಿ ಆರಿಸಿ, ನಿಲ್ಲಿಸಿ ಆರಿಸಿ ತಂದರು. ಮನೆ ಮುಂದೆ ಹಚ್ಚಿದ ಮೇಲೆ ದೋಣಿಯ ಯಜಮಾನರು ಕೇಳಿದ್ದು ಒಂದೇ ಮಾತು: "ತಮ್ಮಾ, ಇದನ್ನ ರಿಪೇರಿ ಮಾಡಿಸೂಣೋ, ಹೊಸಾದು ಕಟ್ಟಿಸೂಣೋ?"

ಯಜಮಾನರು ನೌಕಾಪಡೆಯಿಂದ ನಿವೃತ್ತರಾದವರು, ನಮ್ಮ ಓಣಿಯವರು. ನಾನು ಅವರನ್ನು ಕಾಕಾ ಅಂತ ಕರೆಯುತ್ತೇನೆ. ನಾನು ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸದವನು. ಕನ್ವೇಯರ್, ಗೇರ್‌ಬಾಕ್ಸ್, ಬೇರಿಂಗ್ ಇವುಗಳ ಜೊತೆಗೇ ನನ್ನ ಹಗಲು ಕಳೆಯುತ್ತದೆ. ಹಾಯಿ ಏರಿಸುವುದು, ಇಳಿಸುವುದು, ಗಾಳಿ ನೋಡುವುದು ಕಾಕಾಗೆ ಬಿಟ್ಟದ್ದು. ಕಬ್ಬಿಣ ಎಷ್ಟು ಉಳಿದಿದೆ ಅಂತ ಹೇಳುವುದಷ್ಟೇ ನನ್ನ ಪಾಲಿಗೆ ಬಂದದ್ದು.

ದೋಣಿ ಮತ್ತು ನೀರು

ಎಂಟರ್‌ಪ್ರೈಸ್ ಎನ್ನುವುದು ಇಬ್ಬರು ಕೂತು ಓಡಿಸುವ ಸಣ್ಣ ಹಾಯಿದೋಣಿ. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಇದರ ವಿನ್ಯಾಸ ಮಾಡಿದ್ದು 1956ರಲ್ಲಿ. ಉದ್ದ 4.04 ಮೀಟರ್, ಅಗಲ ಸುಮಾರು 1.6 ಮೀಟರ್, ಬರೀ ಒಡಲಿನ ತೂಕ 94 ಕೆಜಿ ಆಸುಪಾಸು. ಕಾಕಾ ತಂದದ್ದು ಫೈಬರ್‌ಗ್ಲಾಸಿನದು. ಹಾಯಿಕಂಬ, ಅಡ್ಡಕಂಬ, ಎರಡು ಹಾಯಿ, ಚುಕ್ಕಾಣಿ, ಸೆಂಟರ್‌ಬೋರ್ಡ್ (ದೋಣಿಯ ನಡುವೆ ನೀರಿಗೆ ಇಳಿಬಿಡುವ ಹಲಗೆ), ಹಗ್ಗ ಎಲ್ಲ ಸೇರಿಸಿದರೆ ಹೆಚ್ಚೂಕಡಿಮೆ 135 ಕೆಜಿ. ನಾಲ್ಕು ಜನ ಎತ್ತಿ ಇಡಬಹುದಾದ ವಸ್ತು. ಈ ಅಂಕಿಯನ್ನು ಮೊದಲೇ ಹೇಳಲು ಕಾರಣವಿದೆ, ಮುಂದೆ ಎಲ್ಲವೂ ಇದರ ಮೇಲೆಯೇ ನಿಂತಿತು.

ನೀರಿನ ಕಡೆಯ ಲೆಕ್ಕ ಬೇರೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ಜಲಾಶಯದಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ತುಂಬಿ ಅದೀಗ 105.79 ಟಿಎಂಸಿಗೆ ಇಳಿದಿದೆ. ರೈತರಿಗೆ ಇದು ಎರಡನೇ ಬೆಳೆಯ ಪ್ರಶ್ನೆ. ದೋಣಿ ಇಳಿಸುವವನಿಗೆ ಕಾಲಡಿಯ ಪ್ರಶ್ನೆ: ಇಲ್ಲಿ ದಂಡೆ ಎಂದರೆ ಮರಳಲ್ಲ, ಕಾಂಕ್ರೀಟ್ ಇಳಿಜಾರಲ್ಲ, ಮೊಣಕಾಲಿನವರೆಗೆ ಹುಗಿಯುವ ಎರೆ ಮತ್ತು ಹೂಳು. ಪೂರ್ತಿ ತುಂಬಿದಾಗ 378 ಚದರ ಕಿಲೋಮೀಟರ್ ಹರಡುವ ನೀರು ಬೇಸಿಗೆಯಲ್ಲಿ ಎಷ್ಟು ಹಿಂದೆ ಸರಿಯುತ್ತದೆ ಅಂದರೆ, ಆಗಸ್ಟಿನಲ್ಲಿ ದೋಣಿ ಕಟ್ಟಿದ ಮರದ ಬುಡದಲ್ಲಿ ನಿಂತು ಮೇ ತಿಂಗಳಲ್ಲಿ ನೀರನ್ನು ದೂರದಿಂದ ನೋಡಬೇಕು. 2025ರಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೇ ಮಿತಿಗೊಳಿಸಿದ್ದರಿಂದ ಮಳೆಗಾಲದಲ್ಲೂ ನೀರು ಹಳೆಯ ಗೆರೆಗೆ ಬರಲಿಲ್ಲ. ಜಲಾಶಯದಲ್ಲಿ ದೋಣಿ ಇಳಿಸಲು ಅನುಮತಿ ಪಡೆಯುವುದು ಬೇರೆಯೇ ಅಧ್ಯಾಯ, ಅದನ್ನು ಕಾಕಾ ತಾವೇ ನೋಡಿಕೊಂಡರು.

ಈ ದಂಡೆಯಲ್ಲಿ ಅಂಬಿಗರಿಗೆ ಟ್ರೇಲರಿನ ಚಿಂತೆಯೇ ಇಲ್ಲ. ಹರಿಗೋಲನ್ನು ಬೋರಲು ಮಾಡಿ ತಲೆ ಮೇಲೆ ಹೊತ್ತು ನಡೆದುಬಿಡುತ್ತಾರೆ. ನಾವು ಟ್ರೇಲರಿನ ಸುತ್ತ ಕೂತು ಬಡಿಯುತ್ತಿದ್ದಾಗ ಒಬ್ಬ ಹಿರಿಯರು ಬಂದು ನೋಡಿ, "ನೀರಾಗ ಹೋಗೂದಕ್ಕ ಇಷ್ಟ್ಯಾಕ ಕಬ್ಬಣಾ?" ಅಂದರು. ಆಗ ನಕ್ಕೆವು. ಆಮೇಲೆ ಆ ಮಾತೇ ನಿಜವಾಯಿತು.

ತಪಾಸಣೆ

ಟ್ರೇಲರ್ ಸಾದಾ ಮಾದರಿಯದು. ನಡುವೆ ಉದ್ದಕ್ಕೆ 50 ಮಿ.ಮೀ. ಚೌಕದ ಬಾಕ್ಸ್ ಪೈಪ್, ಗೋಡೆಯ ದಪ್ಪ 3 ಮಿ.ಮೀ. ಅದೇ ಮುಂದೆ ಮೂಕಿಯಾಗಿ ಚಾಚಿಕೊಂಡು ತುದಿಯಲ್ಲಿ ಎಳೆಯುವ ಗಾಡಿಗೆ ಸಿಕ್ಕಿಸುವ 50 ಮಿ.ಮೀ. ಗುಂಡಿನ ಕಪ್ಲರ್. ಎರಡು ಅಡ್ಡಪೈಪ್, ಎರಡು ಕಡೆ ಕಮಾನು (ಎಲೆ ಸ್ಪ್ರಿಂಗ್), ಒಂದು ಆ್ಯಕ್ಸಲ್, ಹಳೆಯ ಮಾರುತಿ ಕಾರಿನ 12 ಇಂಚಿನ ಗಾಲಿ. ದೋಣಿ ಕೂರಲು ಕಾರ್ಪೆಟ್ ಸುತ್ತಿದ ಎರಡು ಹಲಗೆ. ಮೇಲೆಲ್ಲ ಹೊಸ ನೀಲಿ ಬಣ್ಣ. ಹಳೆಯ ಟ್ರೇಲರಿಗೆ ಹೊಸ ಬಣ್ಣ ಬಳಿದಿದ್ದರೆ ಸುತ್ತಿಗೆ ತೆಗೆದುಕೊಂಡೇ ಹತ್ತಿರ ಹೋಗಬೇಕು.

ಮೊದಲು ಗಾಲಿ. ಜಾಕಿ ಕೊಟ್ಟು ಎತ್ತಿ, ಟೈರಿನ ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸಿದರೆ ಎಡಗಡೆಯದು ಕಟಕಟ ಅಂತು. ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಕಮಾನಿನ ಮೇಲೆ ಇಟ್ಟರೆ ಬೇರಿಂಗಿನ ಒರಟು ನೇರ ಅಂಗೈಗೆ ಬರುತ್ತದೆ. ಕಿವಿಗಿಂತ ಕೈ ಚೆನ್ನಾಗಿ ಹೇಳುತ್ತದೆ. ಮುಚ್ಚಳ ಬಿಚ್ಚಿದಾಗ ಒಳಗಿನ ಗ್ರೀಸ್ ಹಾಲುಬಣ್ಣಕ್ಕೆ ತಿರುಗಿತ್ತು. ನೀರು ಹೊಕ್ಕಿದೆ ಎನ್ನಲು ಅದಕ್ಕಿಂತ ಸಾಕ್ಷಿ ಬೇಡ.

ದೋಣಿಯ ಟ್ರೇಲರುಗಳಲ್ಲಿ ಬೇರಿಂಗ್ ಯಾಕೆ ಇಷ್ಟು ಬೇಗ ಸಾಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಟ್ರ್ಯಾಕ್ಟರ್ ಟ್ರಾಲಿ ಇಟ್ಟವರಿಗೂ ಇದು ಹೊಸದು. ರಸ್ತೆಯಲ್ಲಿ ಓಡಿ ಬಂದ ಹಬ್ ಬೆಚ್ಚಗಿರುತ್ತದೆ, ಅದರೊಳಗಿನ ಗಾಳಿಯೂ ಬೆಚ್ಚಗೆ ಹಿಗ್ಗಿರುತ್ತದೆ. ಬಂದವರೇ ದೋಣಿ ಇಳಿಸುವ ಆತುರಕ್ಕೆ ಟ್ರೇಲರನ್ನು ನೀರಿಗೆ ತಳ್ಳುತ್ತಾರೆ. ಹಬ್ ಒಮ್ಮೆಲೇ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಆ ಖಾಲಿ ಜಾಗಕ್ಕೆ ಹೊರಗಿನ ನೀರನ್ನು ಆಯಿಲ್ ಸೀಲಿನ (ಹಬ್ಬಿನ ಬಾಯಿಯ ರಬ್ಬರ್ ಬಳೆಯ) ತುಟಿ ದಾಟಿಸಿ ಎಳೆದುಕೊಳ್ಳುತ್ತದೆ. ಸೀಲ್ ಗ್ರೀಸನ್ನು ಒಳಗಿಡಲು ಮಾಡಿದ್ದು, ಹೊರಗಿನಿಂದ ಎಳೆಯುವ ನೀರನ್ನು ತಡೆಯಲು ಅಲ್ಲ. ಸಮುದ್ರದ ನೀರಾದರೆ ಉಪ್ಪೂ ಜೊತೆಗೆ ಬರುತ್ತದೆ. ಆಮೇಲೆ ಟ್ರೇಲರ್ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಬೇರಿಂಗಿನೊಳಗಿನ ರೋಲರುಗಳು ಎಲ್ಲಿ ನಿಂತವೋ ಅಲ್ಲೇ ತುಕ್ಕಿನ ಗುರುತು ಕಚ್ಚುತ್ತವೆ. ನಮ್ಮ ಬೇರಿಂಗಿನ ಹೊರಬಳೆಯ ಮೇಲೆ ರೋಲರಿನ ಅಂತರಕ್ಕೆ ಸರಿಯಾಗಿ ಕಪ್ಪು ಗೆರೆಗಳು ಸಾಲಾಗಿ ಬಿದ್ದಿದ್ದವು. ಮುಂದಿನ ಸಲ ರಸ್ತೆಗೆ ಇಳಿದಾಗ ಪ್ರತಿ ರೋಲರು ಪ್ರತಿ ತುಕ್ಕಿನ ಗುರುತಿನ ಮೇಲೆ ಎಗರುತ್ತ ಓಡುತ್ತದೆ, ಕಾಯುತ್ತದೆ. ಗದಗದ ಹತ್ತಿರ ಕಾದದ್ದು ಅಲ್ಲಿ ಹುಟ್ಟಿದ ರೋಗವಲ್ಲ, ಗೋವಾದಲ್ಲಿ ನಿಂತಿದ್ದಾಗಲೇ ಹತ್ತಿದ್ದು.

ಇದಕ್ಕೆ ಮದ್ದು ಇದೆ, ದುಬಾರಿಯೂ ಅಲ್ಲ. ಟೇಪರ್ ಬೇರಿಂಗಿನ ಒಳಭಾಗ, ಹೊರಬಳೆ ಎರಡನ್ನೂ ಜೊತೆಯಾಗಿ ಬದಲಿಸಬೇಕು. ಹೊರಬಳೆ ಬಡಿದು ತೆಗೆಯುವುದು ಬೇಸರದ ಕೆಲಸ ಅಂತ ಹಳೆಯದರಲ್ಲೇ ಹೊಸ ರೋಲರ್ ಕೂರಿಸುವವರಿದ್ದಾರೆ, ಅದು ದುಡ್ಡು ನೀರಿಗೆ ಹಾಕಿದಂತೆ. ಹೊಸ ಸೀಲ್, ನೀರು ತಡೆಯುವ ಗ್ರೀಸ್, ಹೊಸ ಕಾಟರ್ ಪಿನ್. ನಟ್ಟನ್ನು ಗಾಲಿ ತಿರುಗಿಸುತ್ತ ಬಿಗಿ ಮಾಡಿ, ಮತ್ತೆ ಒಂಚೂರು ಸಡಿಲಿಸಬೇಕು. ಪೂರ್ತಿ ಬಿಗಿದ ಟೇಪರ್ ಬೇರಿಂಗ್ ನೀರಿಲ್ಲದೆಯೇ ಸುಡುತ್ತದೆ. ಮತ್ತು ನೀರಿನ ಹತ್ತಿರ ಬಂದ ಮೇಲೆ ಅರ್ಧ ತಾಸು ಸುಮ್ಮನೆ ನಿಲ್ಲಿಸಿ, ಹಬ್ ಆರಿದ ಮೇಲೆ ಇಳಿಸಬೇಕು. ಅಷ್ಟು ಹೊತ್ತಿಗೆ ಹಾಯಿಕಂಬ ಎಬ್ಬಿಸಿ ಹಗ್ಗ ಕಟ್ಟುವ ಕೆಲಸ ಹೇಗೂ ಇರುತ್ತದೆ.

ಟೈರು 145/70 ಆರ್12. ಭಾರದ ಸೂಚ್ಯಂಕ 69, ಅಂದರೆ ಒಂದೊಂದಕ್ಕೆ 325 ಕೆಜಿ. ದೋಣಿ, ಟ್ರೇಲರ್ ಸೇರಿ ಇಡೀ ಗಾಡಿಯೇ 275 ಕೆಜಿ ಇರುವಾಗ ತಾಕತ್ತಿಗೆ ಕೊರತೆಯಿಲ್ಲ. ಟೈರಿನ ಮೇಲಿನ ಹಲ್ಲುಗಳೂ ಸವೆದಿರಲಿಲ್ಲ. ಆದರೆ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ 2311: ಅದು 2011ನೇ ಇಸವಿಯ 23ನೇ ವಾರದ ಟೈರು. ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳಿದ್ದವು. ದೋಣಿ ಟ್ರೇಲರಿನ ಟೈರು ಸವೆದು ಸಾಯುವುದು ಅಪರೂಪ, ವಯಸ್ಸಾಗಿ ಸಾಯುತ್ತದೆ. ದೀಪದ ವೈರು, ಹಲಗೆ, ಕೊಳೆತ ಕಾರ್ಪೆಟ್ ಇವುಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ಕಪ್ಲರಿಗೆ ಜೊತೆಯಾಗಿ ಇರಬೇಕಿದ್ದ ಸುರಕ್ಷತಾ ಸರಪಳಿ ಇರಲೇ ಇಲ್ಲ. ಅದನ್ನು ಹೇಳಿದಾಗ ವೆಲ್ಡಿಂಗ್ ಅಂಗಡಿಯ ಅಣ್ಣ, "ಡ್ಯಾಮಿನ ಗೇಟ ಚೈನ್ ಕಟ್ಟಾಗಿ ಹರಕೊಂಡ ಹೋತ್ರಿ, ಇದ್ಯಾವ ಲೆಕ್ಕ" ಅಂದ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಹಾಗೆಯೇ ಕೊಚ್ಚಿಹೋದದ್ದು ಈ ಭಾಗದ ಯಾರಿಗೂ ಮರೆತಿಲ್ಲ. ಸರಪಳಿ ಎಂಬ ಮಾತು ಬಂದರೆ ಆ ಗೇಟು ಬರದೆ ಇರದು.

ಇಲ್ಲಿಯವರೆಗೆ ಕಂಡದ್ದೆಲ್ಲ ಬದಲಿಸುವ ಸಾಮಾನು. ಬೇರಿಂಗ್, ಸೀಲ್, ಟೈರು, ಹಲಗೆ, ದೀಪ ಇಷ್ಟೇ ಕೆಟ್ಟಿದ್ದರೆ ನನ್ನ ಉತ್ತರ ಎರಡು ಮಾತಿಲ್ಲದೆ ರಿಪೇರಿ. ಬೀಗದಕೈ ಇದ್ದದ್ದು ಚೌಕಟ್ಟಿನಲ್ಲಿ.

ಮೂಕಿಯ ಪೈಪನ್ನು ಮುಂದಿನಿಂದ ಹಿಂದಕ್ಕೆ ಸುತ್ತಿಗೆಯಿಂದ ಬಡಿಯುತ್ತ ಹೋದೆ. ಮುಂದೆ ಠಣ್ ಅನ್ನುತ್ತಿದ್ದದ್ದು ಮೊದಲ ಅಡ್ಡಪೈಪಿನ ಹತ್ತಿರ ಬದ್ ಬದ್ ಅನ್ನತೊಡಗಿತು. ಕೆಳಮುಖಕ್ಕೆ ಒಂದು ತೂತು ಕೊರೆದೆವು. ಡ್ರಿಲ್ ಬಿಟ್ ಒಳಗೆ ಹೋದ ಕೂಡಲೇ ಉದುರಿದ್ದು ಮರಳು, ಚಿಪ್ಪಿನ ಚೂರು, ಹಾಳೆಹಾಳೆಯಾದ ತುಕ್ಕು. ಪೈಪಿನ ಮುಂದಿನ ಬಾಯಿ ತೆರೆದಿತ್ತು, ಹಿಂದಿನದನ್ನು ಚಂದ ಕಾಣಲಿ ಅಂತ ಮುಚ್ಚಿ ವೆಲ್ಡ್ ಮಾಡಿದ್ದರು. ಪ್ರತಿ ಸಲ ಸಮುದ್ರಕ್ಕೆ ಇಳಿದಾಗ ನೀರು ಮರಳು ಒಳಗೆ ಹೋಗಿದೆ, ಹೊರಬರುವ ದಾರಿ ಇರಲಿಲ್ಲ. ಹೊರಗಿನಿಂದ ಎಷ್ಟು ಬಣ್ಣ ಬಳಿದರೂ ಒಳಗಿನಿಂದ ತಿನ್ನುತ್ತ ಬಂದಿದೆ. ದಪ್ಪ ಅಳೆಯುವ ಉಪಕರಣ ಇಟ್ಟು ನೋಡಿದರೆ 3 ಮಿ.ಮೀ. ಇರಬೇಕಾದಲ್ಲಿ ಕೆಳಮುಖ ಒಂದು ಮಿ.ಮೀ. ಆಸುಪಾಸು. ಕಮಾನಿನ ಬ್ರ್ಯಾಕೆಟ್ ವೆಲ್ಡಾದ ಕಡೆ ಸ್ಕ್ರೂಡ್ರೈವರೇ ಒಳಗೆ ಹೋಯಿತು.

ಲೆಕ್ಕ

"ಇಷ್ಟ ದಿನಾ ತಡದೈತಿ, ಇನ್ನೆರಡ ವರ್ಷ ತಡೀತೈತಿ" ಅನ್ನುವುದು ಕಾಕಾರ ವಾದ. ಅದಕ್ಕೆ ಹಾಳೆಯ ಮೇಲೆ ಉತ್ತರ ಕೊಡಬೇಕಾಯಿತು.

ಚಕ್ಕಡಿ ಹೂಡಿದವರಿಗೆ ಮೂಕಿಯ ಭಾರ ಗೊತ್ತು. ಭಾರ ಹಿಂದಾದರೆ ನೊಗ ಎತ್ತಿನ ಕೊರಳು ಬಿಟ್ಟು ಮೇಲೇಳುತ್ತದೆ, ಮುಂದಾದರೆ ಎತ್ತು ಕುಸಿಯುತ್ತದೆ. ಟ್ರೇಲರೂ ಹಾಗೆಯೇ. ಕಪ್ಲರಿನ ಮೇಲೆ ಒಟ್ಟು ತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದಿರಬೇಕು, ಕಡಿಮೆಯಾದರೆ ವೇಗ ಏರಿದಂತೆ ಹಿಂದಿನ ಗಾಡಿ ಹಾವಿನಂತೆ ಹೊಯ್ದಾಡಿ ಮುಂದಿನ ಗಾಡಿಯನ್ನೂ ಎಳೆದೊಯ್ಯುತ್ತದೆ. ನಮ್ಮ ದೋಣಿ 135, ಟ್ರೇಲರ್ ಸುಮಾರು 140, ಒಟ್ಟು 275 ಕೆಜಿ. ನೂರಕ್ಕೆ ಏಳರಂತೆ 20 ಕೆಜಿ ಇಟ್ಟುಕೊಳ್ಳೋಣ. ಕಪ್ಲರಿನಿಂದ ಆ್ಯಕ್ಸಲಿಗೆ 3.2 ಮೀಟರ್ ಇದ್ದರೆ, ಒಟ್ಟು ಭಾರದ ನಡುಬಿಂದು ಆ್ಯಕ್ಸಲಿಗಿಂತ 23 ಸೆಂ.ಮೀ. ಮುಂದೆ ಬೀಳಬೇಕು. ದೋಣಿಯನ್ನು ಒಂದು ಸೆಂ.ಮೀ. ಹಿಂದೆ ಸರಿಸಿದರೆ ಇಡೀ ಗಾಡಿಯ ನಡುಬಿಂದು ಅರ್ಧ ಸೆಂ.ಮೀ. ಸರಿದು, ಮೂಕಿಯ ಮೇಲೆ ಅರ್ಧ ಕೆಜಿಯಷ್ಟು ಕಡಿಮೆಯಾಗುತ್ತದೆ. ಅಳೆಯಲು ಮನೆಯ ತೂಕದ ಯಂತ್ರವೇ ಸಾಕು. ಕಪ್ಲರನ್ನು ಎಳೆಯುವ ಎತ್ತರಕ್ಕೆ ಸರಿಯಾಗಿ ಒಂದು ಕಟ್ಟಿಗೆ ತುಂಡು ಕೊಟ್ಟು ಅದರ ಮೇಲೆ ನಿಲ್ಲಿಸಬೇಕು.

ಈಗ ಆ 20 ಕೆಜಿ ಮೊದಲ ಅಡ್ಡಪೈಪಿನಿಂದ ಒಂದೂವರೆ ಮೀಟರ್ ಮುಂದೆ ತೂಗುತ್ತಿದೆ. ರಸ್ತೆಯ ಗುಂಡಿಗೆ ಬಿದ್ದಾಗ ಮೂರು ಪಟ್ಟು ಆಗುತ್ತದೆ ಅಂತ ಹಿಡಿದರೆ ಪೈಪನ್ನು ಬಗ್ಗಿಸುವ ಬಲ ಸುಮಾರು 880 ನ್ಯೂಟನ್ ಮೀಟರ್. ಹೊಸ 3 ಮಿ.ಮೀ. ಪೈಪಿನಲ್ಲಿ ಇದು ಹುಟ್ಟಿಸುವ ಒತ್ತಡ ಚದರ ಮಿ.ಮೀ.ಗೆ ಸುಮಾರು 106 ನ್ಯೂಟನ್. ಸಾದಾ ಉಕ್ಕು 250ರವರೆಗೆ ತಡೆದು ಆಮೇಲೆ ಬಗ್ಗುತ್ತದೆ. ಅಂದರೆ ಹೊಸದಿದ್ದಾಗ ಎರಡು ಪಟ್ಟಿಗಿಂತ ಹೆಚ್ಚು ಉಳಿತಾಯವಿತ್ತು. ಗೋಡೆ ಒಂದು ಮಿ.ಮೀ.ಗೆ ಇಳಿದಾಗ ಅದೇ ಭಾರಕ್ಕೆ ಒತ್ತಡ 281. ಗೆರೆ ದಾಟಿಬಿಟ್ಟಿದೆ. ಗೋವಾದಿಂದ ಬರುವಾಗ ಮುರಿಯದಿದ್ದದ್ದು ಉಳಿದ ಮೂರೂ ಮುಖ ಅಷ್ಟು ಸವೆಯದೆ ಕೆಳಮುಖವೊಂದೇ ಹೆಚ್ಚು ಸವೆದದ್ದರಿಂದ. ಒಂದು ದೊಡ್ಡ ಗುಂಡಿ ಸಿಕ್ಕಿದ್ದರೆ ಮಾತೇ ಬೇರೆ.

ವೆಲ್ಡಿಂಗ್ ಅಣ್ಣನ ಸಲಹೆ ಕೆಳಗಿನಿಂದ ಒಂದು ಆ್ಯಂಗಲ್ ಹಚ್ಚಿ ತೇಪೆ ಹಾಕುವುದು. "ಅರ್ಧ ದಿನದ ಕೆಲಸ್ರಿ ಸರ, ರೆಡ್ ಆಕ್ಸೈಡ್ ಬಳದ್ರ ಯಾರಿಗೂ ಗೊತ್ತಾಗೂದಿಲ್ಲ." ಗೊತ್ತಾಗುವುದಿಲ್ಲ ಎಂಬುದೇ ನನ್ನ ತಕರಾರು. ಒಂದು ಮಿ.ಮೀ. ತಗಡಿನ ಮೇಲೆ ದಪ್ಪ ಆ್ಯಂಗಲ್ ವೆಲ್ಡ್ ಮಾಡಲು ಹೋದರೆ ಪೈಪ್ ತೂತು ಬೀಳುತ್ತದೆ. ಹೇಗೋ ಕೂತರೂ ತೇಪೆ ಮುಗಿಯುವ ಅಂಚಿನಲ್ಲಿ, ದಪ್ಪ ಕಬ್ಬಿಣ ತೆಳು ಕಬ್ಬಿಣಕ್ಕೆ ಸೇರುವ ಕಡೆ, ಎಲ್ಲ ಬಲವೂ ಬಂದು ಕೂತು ಅಲ್ಲಿ ಬಿರಿಯುತ್ತದೆ. ಒಳಗಿನ ಉಪ್ಪು ಒಳಗೇ ಇರುತ್ತದೆ. ಕನ್ವೇಯರಿನ ಚೌಕಟ್ಟುಗಳಲ್ಲಿ ಇಂಥ ತೇಪೆಯ ಅಂಚುಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಕಾಗದ

ಹಾಗಾದರೆ ಹೊಸ ಚೌಕಟ್ಟು ಕಟ್ಟಿ ಹಳೆಯ ಆ್ಯಕ್ಸಲ್ ಕೂರಿಸೋಣ ಎಂದು ಕಾಕಾ ಅಂದರು. ಕಬ್ಬಿಣದ ಮಟ್ಟಿಗೆ ಸರಿಯಾದ ಮಾತು. ಮೋಟಾರು ವಾಹನ ಕಾಯ್ದೆಯ ಮಟ್ಟಿಗೆ ಅಷ್ಟು ಸುಲಭವಲ್ಲ.

1988ರ ಕಾಯ್ದೆಯಲ್ಲಿ ಮೋಟಾರು ವಾಹನ ಎಂಬುದರೊಳಗೆ ಟ್ರೇಲರನ್ನೂ ಸೇರಿಸಿದ್ದಾರೆ. ಎಂಜಿನ್ ಇಲ್ಲ, ಹಾಗಾಗಿ ನೋಂದಣಿ ಬೇಡ ಎಂದು ತಿಳಿದವರು ಬಹಳ. 39ನೇ ಕಲಂ ಪ್ರಕಾರ ನೋಂದಣಿ ಇಲ್ಲದೆ ಅದು ರಸ್ತೆಗೆ ಇಳಿಯುವಂತಿಲ್ಲ. 61ನೇ ಕಲಂ ಪ್ರಕಾರ ಟ್ರೇಲರಿನ ಸ್ವಂತ ನಂಬರು ಪಕ್ಕದಲ್ಲಿ, ಎಳೆಯುವ ಗಾಡಿಯ ನಂಬರು ಅದರ ಹಿಂದೆ ಇರಬೇಕು. ನಮ್ಮ ಟ್ರೇಲರಿಗೆ ಗೋವಾದ ಆರ್‌ಸಿ ಇತ್ತು, ಅದು ಭಾಗ್ಯ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇರುವುದಾದರೆ 47ನೇ ಕಲಂ ಪ್ರಕಾರ ಇಲ್ಲಿನ ನಂಬರು ಪಡೆಯಬೇಕು, ಅಂದರೆ ಕೊಪ್ಪಳದ ಕೆಎ-37. ಅದಕ್ಕೆ ಮೊದಲು ಗೋವಾದಿಂದ ನಿರಾಕ್ಷೇಪಣಾ ಪತ್ರ. ಈ ಎಲ್ಲ ಕಾಗದ ನಿಂತಿರುವುದು ಚಾಸಿ ನಂಬರಿನ ಮೇಲೆ. ಆ ನಂಬರು ಒತ್ತಿದ್ದು ಯಾವ ಪೈಪಿನ ಮೇಲೆ? ಸವೆದುಹೋದ ಅದೇ ಮೂಕಿಯ ಮೇಲೆ. ಹಳೆಯ ತುಂಡನ್ನು ಕತ್ತರಿಸಿ ಹೊಸ ಚೌಕಟ್ಟಿಗೆ ಅಂಟಿಸುವುದು ರಿಪೇರಿಯಲ್ಲ, ಹೊಸ ಗಾಡಿಗೆ ಹಳೆಯ ಹೆಸರು. ಊರ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿದ ಹೊಸದನ್ನು ಹೊಸದಾಗಿಯೇ ನೋಂದಾಯಿಸಲು ಹೋದರೆ ಮಾದರಿಗೆ ಮಂಜೂರಾತಿ ಪಡೆದ ತಯಾರಕರ ಪ್ರಮಾಣಪತ್ರ ಕೇಳುತ್ತಾರೆ. ಅಂಥ ತಯಾರಕರಿಂದ ದೂರದ ಊರಿನಿಂದ ತರಿಸಿದರೆ ದೋಣಿಗೆ ಕೊಟ್ಟ ದುಡ್ಡಿಗಿಂತ ಟ್ರೇಲರಿನ ದುಡ್ಡು ಹೆಚ್ಚಾಗುತ್ತಿತ್ತು.

ಪ್ರಶ್ನೆ ಬದಲಾದದ್ದು

ಇಷ್ಟು ಹೊತ್ತೂ ನಾವು ಟ್ರೇಲರನ್ನು ಹೇಗೆ ಉಳಿಸುವುದು ಅಂತ ನೋಡುತ್ತಿದ್ದೆವು. ಅದು ಇಲ್ಲಿ ಮಾಡುವ ಕೆಲಸವೇನು ಅಂತ ಯಾರೂ ಕೇಳಿರಲಿಲ್ಲ. ಗೋವಾದಲ್ಲಿ ಅದರ ಹಳೆಯ ಯಜಮಾನರು ದೋಣಿಯನ್ನು ಮನೆಯಲ್ಲಿಟ್ಟು, ರಜೆಗೊಮ್ಮೆ ಬೇರೆ ಬೇರೆ ದಂಡೆಗೆ ಎಳೆದೊಯ್ಯುತ್ತಿದ್ದರು. ಅಲ್ಲಿ ಅದು ರಸ್ತೆಯ ಗಾಡಿ. ಕಾಕಾರ ದೋಣಿ ಇರುವುದು ಹಿನ್ನೀರಿನ ಅಂಚಿನ ಅಳಿಯನ ಹೊಲದ ಶೆಡ್ಡಿನಲ್ಲಿ. ಅಲ್ಲಿಂದ ನೀರಿಗೆ ಹೊಲದ ದಾರಿ, ಆಮೇಲೆ ಎರೆ ಮಣ್ಣು. ಡಾಂಬರು ರಸ್ತೆ ಎಲ್ಲಿಯೂ ಬರುವುದಿಲ್ಲ. ಆಷಾಢದ ಗಾಳಿಯ ಆ ಎರಡು ಮೂರು ತಿಂಗಳಲ್ಲೇ ಹಾಯಿಗೆ ನಿಜವಾದ ಸುಗ್ಗಿ, ಆಗಂತೂ ಆ ದಾರಿಯಲ್ಲಿ ಬೊಲೆರೋ ಇರಲಿ, ಬರಿಗಾಲಲ್ಲಿ ನಡೆಯುವುದೇ ಕಷ್ಟ. 275 ಕೆಜಿಯ ಗಾಡಿಯನ್ನು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಟ್ರೇಲರಿನದೇ ತೂಕ ಇರುವಾಗ, ಕಾರಿನ ಸಪೂರ ಟೈರಿನ ಮೇಲೆ ಕೆಸರಿನಲ್ಲಿ ಎಳೆಯುವುದು ಯಾವ ಶಾಣ್ಯಾತನ?

ರಸ್ತೆಯ ಕೆಲಸ ಬೇರೆ, ದಂಡೆಯ ಕೆಲಸ ಬೇರೆ ಮಾಡೋಣ ಅಂದೆ. ದಂಡೆಗೆ ಕೈಯಿಂದ ಎಳೆಯುವ ಹಗುರ ಟ್ರಾಲಿ. ರಸ್ತೆಗೆ ಬೇಕಾದಾಗ ಬಾಡಿಗೆ ಲಾರಿ. 14 ಅಡಿಯ ಐಷರ್ ಎಂದರೆ 4.27 ಮೀಟರ್, ದೋಣಿ 4.04. ಹಿಂದಿನ ಬಾಗಿಲು ಹಾಕಿಕೊಳ್ಳುವಷ್ಟು ಜಾಗ ಉಳಿಯುತ್ತದೆ. ಗಂಗಾವತಿ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ, ಅದನ್ನು ದಪ್ಪಗೆ ಹಾಸಿ ಮೇಲೆ ದೋಣಿ ಇಟ್ಟರೆ ಯಾವ ಹಲಗೆಗಿಂತಲೂ ಚೆನ್ನಾಗಿ ಫೈಬರಿನ ಒಡಲನ್ನು ಕಾಯುತ್ತದೆ. ಅಳಿಯ ತಮ್ಮ ಟ್ರ್ಯಾಕ್ಟರ್ ಟ್ರಾಲಿಯಲ್ಲೇ ಒಯ್ಯೋಣ ಎಂದರು. ಹೊಲದೊಳಗೆ ಅಡ್ಡಿಯಿಲ್ಲ, ಹೆದ್ದಾರಿಗೆ ನಾನು ಒಪ್ಪಲಿಲ್ಲ. ಟನ್ನುಗಟ್ಟಲೆ ಹೊರುವ ಆ ಟ್ರಾಲಿಗೆ 135 ಕೆಜಿ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ, ಖಾಲಿ ಟ್ರಾಲಿ ಎಗರಿದಂತೆ ಎಗರಿ ಒಡಲನ್ನು ಸೀಳುತ್ತದೆ.

ಕಾಕಾ ಸುಲಭಕ್ಕೆ ಒಪ್ಪಲಿಲ್ಲ. "ಸ್ವಂತ ಟ್ರೇಲರ್ ಇದ್ರ ಯಾವಾಗ ಮನಸ ಬರತೈತಿ ಆವಾಗ ಹೊಂಡಬಹುದಲ್ಲೋ" ಎಂಬುದು ಅವರ ಮಾತು. ಅದು ಲೆಕ್ಕಕ್ಕೆ ಸಿಗದ ಆಸೆ, ತಳ್ಳಿಹಾಕುವಂಥದ್ದೂ ಅಲ್ಲ. ವರ್ಷಕ್ಕೆ ಎಷ್ಟು ಸಲ ಹೊರಗೆ ಒಯ್ಯುತ್ತೀರಿ ಅಂತ ಕೇಳಿದೆ. ಒಂದು ಸಲ, ಬಹಳವಾದರೆ ಎರಡು ಅಂದರು. ಕಾಕಿಯೇ ಒಳಗಿನಿಂದ, "ಆ ಒಂದ ಸಲಾ ಸುದ್ದಾ ಹೋದ್ರ ಭಾಳ ಆತು" ಅಂದದ್ದೇ ತೀರ್ಮಾನವಾಯಿತು.

ಟ್ರಾಲಿ

ನಡುವಿನ ಪೈಪಿಗೆ ಮತ್ತು ಆ್ಯಕ್ಸಲಿಗೆ ಒಂದೂವರೆ ಇಂಚಿನ ನೀರಿನ ಜಿಐ ಪೈಪ್, ಮೀಟರಿಗೆ ಸುಮಾರು ಮೂರೂವರೆ ಕೆಜಿ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಒಳಗೂ ಹೊರಗೂ ಸತುವಿನ ಲೇಪ ಇರುತ್ತದೆ. ಜಿಐ ವೆಲ್ಡ್ ಮಾಡುವಾಗ ಸತು ಸುಟ್ಟು ಬಿಳಿ ಹೊಗೆ ಏಳುತ್ತದೆ, ಅದನ್ನು ಕುಡಿದರೆ ರಾತ್ರಿಗೆ ಚಳಿಜ್ವರ. ನಮ್ಮ ವೆಲ್ಡಿಂಗ್ ಅಣ್ಣ ಹಾಲು ಕುಡಿದರೆ ಏನಾಗೂದಿಲ್ಲ ಎನ್ನುವವನು. ಅಂಗಡಿ ಹೊರಗೆ ಗಾಳಿಗೆ ಬೆನ್ನು ಮಾಡಿ ಕೂತು, ಬೆಸುಗೆಯ ಜಾಗಗಳಲ್ಲಿ ಲೇಪ ಉಜ್ಜಿ ತೆಗೆದು ಕೆಲಸ ಮಾಡಿದ್ದು ನನ್ನ ಜಗಳದಿಂದ. ಬೆಸುಗೆಯ ಮೇಲೆ ಸತುವಿನ ಪೇಂಟು. ಪೈಪಿನ ಯಾವ ಬಾಯಿಯನ್ನೂ ಮುಚ್ಚಲಿಲ್ಲ, ತಗ್ಗಿನ ಕಡೆಗಳಲ್ಲಿ ತೂತು ಕೊರೆದೆವು. ಒಳಗೆ ಹೋದ ನೀರು ಹೊರಗೆ ಬರಲೇಬೇಕು. ಹಳೆಯ ಟ್ರೇಲರನ್ನು ಕೊಂದದ್ದು ಆ ಮುಚ್ಚಿದ ಬಾಯಿಯೇ.

ಗಾಲಿಗೆ ಆಟೋರಿಕ್ಷಾದ 4.00-8 ಟೈರು. ಬೇರಿಂಗ್ ಹಾಕಲಿಲ್ಲ. 25 ಮಿ.ಮೀ. ಸ್ಟೇನ್‌ಲೆಸ್ ಶಾಫ್ಟಿನ ಮೇಲೆ ನೈಲಾನ್ ಬುಷ್, ಅಷ್ಟೇ. ನಡೆಯುವ ವೇಗಕ್ಕೆ ಅದು ಧಾರಾಳ, ನೀರಿನಲ್ಲಿ ಮುಳುಗಿದರೆ ತುಕ್ಕು ಹಿಡಿಯಲು ಅಲ್ಲಿ ಏನೂ ಇಲ್ಲ. ಒಂದು ಎಚ್ಚರ: ನೈಲಾನ್ ನೀರು ಕುಡಿದು ಉಬ್ಬುತ್ತದೆ. ಬಿಗಿಯಾಗಿ ಕೂರಿಸಿದರೆ ಎರಡು ದಿನಕ್ಕೆ ಶಾಫ್ಟನ್ನು ಕಚ್ಚಿ ಹಿಡಿಯುತ್ತದೆ, ಅರ್ಧ ಮಿ.ಮೀ. ಸಡಿಲ ಬಿಡಬೇಕು.

ಹಲಗೆಯ ಬದಲು ಎರಡು ಕಂಬದ ನಡುವೆ ಅಗಲವಾದ ನೈಲಾನ್ ಪಟ್ಟಿ ತೂಗುಬಿಟ್ಟೆವು. ಒಡಲಿನ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಭಾರ ಒಂದೇ ಕಡೆ ಕೂರುವುದಿಲ್ಲ. ಹಳೆಯ ಟ್ರೇಲರಿನ ಹಲಗೆಯ ಅಂಚು ಒತ್ತಿದ ಕಡೆ ದೋಣಿಯ ತಳದಲ್ಲಿ ಎರಡು ತಗ್ಗು ಬಿದ್ದಿದ್ದವು, ಅವನ್ನು ನೋಡಿಯೇ ಈ ಬದಲಾವಣೆ. ಇಡೀ ಟ್ರಾಲಿ 45 ಕೆಜಿ ಒಳಗೆ ಬಂತು.

ಕೆಸರಿಗೆ ಉಪಾಯ ಟೈರಿನ ಗಾಳಿಯಲ್ಲೇ ಇದೆ. ದೋಣಿ, ಟ್ರಾಲಿ ಸೇರಿ 180 ಕೆಜಿ, ಒಂದು ಗಾಲಿಗೆ 90. ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ನೆಲ ಮುಟ್ಟುವ ಜಾಗ ಹೆಚ್ಚೂಕಡಿಮೆ ಇಮ್ಮಡಿಯಾಗುತ್ತದೆ. ಅದೂ ಸಾಲದ ಕಡೆ ಕನ್ವೇಯರಿನ ಹಳೆಯ ರಬ್ಬರ್ ಬೆಲ್ಟ್. ನಮ್ಮ ಕಡೆಯ ಗುಜರಿ ಅಂಗಡಿಗಳಲ್ಲಿ ಇದು ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ, ದನದ ಕೊಟ್ಟಿಗೆಗೂ ಹಾಸುತ್ತಾರೆ. ಎರಡು ತುಂಡು ತಂದು, ಒಂದರ ಮೇಲೆ ಟ್ರಾಲಿ ನಿಲ್ಲಿಸಿ ಇನ್ನೊಂದನ್ನು ಮುಂದೆ ಹಾಸುತ್ತ, ಹಿಂದಿನದನ್ನು ಎಳೆದು ಮತ್ತೆ ಮುಂದೆ ಹಾಸುತ್ತ ನೀರಿನವರೆಗೆ ಹೋಗುವುದು. ಇಬ್ಬರು ಸಾಕು, ಮೂವರಿದ್ದರೆ ಆರಾಮ. ಮೇ ತಿಂಗಳ ಹೂಳಿನಲ್ಲಿ ಇದೂ ನಡೆಯುವುದಿಲ್ಲ. ಆಗ ದೋಣಿ ಶೆಡ್ಡಿನಲ್ಲೇ ಇರಲಿ ಎಂದು ಬಿಟ್ಟೆವು, ಗಾಳಿಯೂ ಆಗ ಹೇಳಿಕೊಳ್ಳುವಂತಿರುವುದಿಲ್ಲ.

ಹಳೆಯ ಟ್ರೇಲರನ್ನು ಬಿಚ್ಚಿದೆವು. ಕಮಾನಿನ ಎಲೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೂ ಉಕ್ಕು ಒಳ್ಳೆಯದೇ. ಕಮ್ಮಾರರು ಕುಡಗೋಲಿಗೆ ಆಗುತ್ತದೆ ಅಂತ ಒಯ್ದರು. ಉಳಿದದ್ದು ಗುಜರಿಗೆ. ಚಾಸಿ ನಂಬರಿದ್ದ ತುಂಡನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡೆವು. ಗಾಡಿ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ 55ನೇ ಕಲಂ ಪ್ರಕಾರ ಹದಿನಾಲ್ಕು ದಿನದೊಳಗೆ, ಅಥವಾ ಆದಷ್ಟು ಬೇಗ, ತಾವಿರುವ ಊರಿನ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಬಹಳ ಜನ ಇದನ್ನು ಮಾಡುವುದಿಲ್ಲ. ಮಾಡದಿದ್ದರೆ ಗುಜರಿಗೆ ಹೋದ ಗಾಡಿ ಕಾಗದದಲ್ಲಿ ನಿಮ್ಮ ಹೆಸರಿನಲ್ಲೇ ಓಡುತ್ತಿರುತ್ತದೆ. ಕಾಕಾ ಅರ್ಜಿ ಬರೆದು, ಆರ್‌ಸಿ ಜೊತೆಗೆ ಫೋಟೋ ಲಗತ್ತಿಸಿ ಕೊಟ್ಟರು.

ಟ್ರಾಲಿಯಿಂದ ಒಂದು ತೊಂದರೆ ಹೊಸದಾಗಿ ಹುಟ್ಟಿತು. ಹಗುರ ದೋಣಿ, ಹಗುರ ಟ್ರಾಲಿ, ಮೇಲೆ ಎತ್ತರದ ಹಾಯಿಕಂಬ. ಆಷಾಢದ ಗಾಳಿಗೆ ದಂಡೆಯಲ್ಲಿ ನಿಂತದ್ದು ನಿಂತಲ್ಲೇ ತಿರುಗಿ ಬೀಳಲು ನೋಡಿತು. 140 ಕೆಜಿ ಕಬ್ಬಿಣದ ಮೇಲಿದ್ದಾಗ ಆ ಭಯ ಇರಲಿಲ್ಲ. ಈಗ ಹಾಯಿಕಂಬವನ್ನು ನೀರಿನ ಹತ್ತಿರ ಹೋದ ಮೇಲೆಯೇ ಎಬ್ಬಿಸುತ್ತಾರೆ, ಶೆಡ್ಡಿನಲ್ಲಿ ಆ್ಯಕ್ಸಲಿಗೆ ಎರಡು ಮರಳಿನ ಚೀಲ ಕಟ್ಟುತ್ತಾರೆ.

ಕಾಕಾ ಈಗ ಒಂದು ಲೇಸರ್ ದೋಣಿಯ ಮೇಲೆ ಕಣ್ಣಿಟ್ಟಿದ್ದಾರೆ, ಒಬ್ಬರೇ ಓಡಿಸುವಂಥದ್ದು. ಅದಕ್ಕೂ ಇದೇ ಟ್ರಾಲಿ ಸಾಲುತ್ತದೆಯೇ ಎಂದು ಕೇಳಿದರು. ಅದರ ಒಡಲು 59 ಕೆಜಿ, ಉದ್ದ ಎಂಟರ್‌ಪ್ರೈಸಿಗಿಂತ ಒಂದು ಗೇಣಿನಷ್ಟು ಹೆಚ್ಚು, ಅಗಲ 1.4 ಮೀಟರಿಗಿಂತ ಕಡಿಮೆ. ಪಟ್ಟಿ ಸಿಕ್ಕಿಸುವ ಕೊಕ್ಕೆಗೆ ಎರಡೂ ಕಂಬದಲ್ಲಿ ಸ್ವಲ್ಪ ಒಳಗೆ ಇನ್ನೊಂದೊಂದು ತೂತು ಕೊರೆದರೆ ಸಾಕು ಎಂದಿದ್ದೇನೆ.